ಜುಲೈ ಬಂದರೆ ಮ್ಯಾರಿನರ್ಸ್ ಅಭಿಮಾನಿಗಳಿಗೆ ಯಾಕಿಷ್ಟು ಸಿಟ್ಟು?

2021ರ ಜುಲೈ 26, ಸೋಮವಾರ. ಅಮೆರಿಕದ ಬೇಸ್‌ಬಾಲ್ ತಂಡ ಸಿಯಾಟಲ್ ಮ್ಯಾರಿನರ್ಸ್ ತವರು ಮೈದಾನದಲ್ಲೇ ಹ್ಯೂಸ್ಟನ್ ಆಸ್ಟ್ರೋಸ್ ಎದುರು 7-0 ಹಿಂದಿತ್ತು. ಮುಗಿಯಿತು ಕಥೆ ಅಂತ ಎಲ್ಲರೂ ಅಂದುಕೊಂಡಿದ್ದ ಪಂದ್ಯ. ಒಂದೊಂದಾಗಿ ರನ್ ಕೂಡಿಸಿಕೊಂಡು ಬಂದು, ಎಂಟನೇ ಇನ್ನಿಂಗ್ಸ್‌ನಲ್ಲಿ ಡಿಲನ್ ಮೂರ್ ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್) ಹೊಡೆದು, ತಂಡ 11-8ಕ್ಕೆ ಗೆದ್ದಿತು. 2001ರ ನಂತರ ಪ್ಲೇಆಫ್ ಮುಖವನ್ನೇ ನೋಡದ ಊರು ಅದು. ಆ ರಾತ್ರಿ ಜನರಿಗೆ ಎಷ್ಟು ಖುಷಿಯಾಗಿರಬೇಡ!

ಮರುದಿನ ತಂಡದ ಆಡಳಿತ ಮಾಡಿದ್ದೇನು ಗೊತ್ತಾ? ಕ್ಲೋಸರ್ ಕೆಂಡಲ್ ಗ್ರೇವ್‌ಮನ್ ಅವರನ್ನು ಆಸ್ಟ್ರೋಸ್‌ಗೇ ಕೊಟ್ಟುಬಿಟ್ಟಿತು. ಕ್ಲೋಸರ್ ಅಂದರೆ ಗೆಲುವಿನ ಹತ್ತಿರ ಬಂದ ಪಂದ್ಯವನ್ನು ಕೊನೆಯ ಇನ್ನಿಂಗ್ಸ್‌ನಲ್ಲಿ ಕೈಬಿಡದೆ ಮುಗಿಸಿಕೊಡುವ ಬೌಲರ್. ಆ ಸೀಸನ್‌ನಲ್ಲಿ ಸಿಯಾಟಲ್ ಪರ ಗ್ರೇವ್‌ಮನ್ ಸರಾಸರಿ 0.82. ಅಂದರೆ ಒಂಬತ್ತು ಇನ್ನಿಂಗ್ಸ್‌ನ ಒಂದು ಪೂರ್ತಿ ಪಂದ್ಯಕ್ಕೆ ಬಿಟ್ಟುಕೊಟ್ಟದ್ದು ಒಂದು ರನ್ ಕೂಡ ಇಲ್ಲ. ಆಸ್ಟ್ರೋಸ್ ಇನ್ನೂ ಸಿಯಾಟಲ್‌ನಲ್ಲೇ ಇತ್ತು, ಸರಣಿ ನಡೆಯುತ್ತಲೇ ಇತ್ತು. ಹಾಗಾಗಿ ಗ್ರೇವ್‌ಮನ್ ವಿಮಾನ ಹತ್ತಬೇಕಾಗಲೂ ಇಲ್ಲ, ಅದೇ ಸ್ಟೇಡಿಯಂನಲ್ಲಿ ಎದುರಾಳಿಯ ಡ್ರೆಸ್ಸಿಂಗ್ ರೂಮಿಗೆ ಹೋದರೆ ಸಾಕಿತ್ತು. ಆಟಗಾರರೂ ಕೆರಳಿದರು, ಅಭಿಮಾನಿಗಳೂ ಕೆರಳಿದರು. ನಮ್ಮದೇ ಡಿವಿಷನ್‌ನಲ್ಲಿ (ಐದು ತಂಡಗಳ ಗುಂಪು) ಮೊದಲ ಸ್ಥಾನದಲ್ಲಿರುವ ಎದುರಾಳಿಗೇ ನಮ್ಮ ಕ್ಲೋಸರ್ ಅನ್ನು ಕೊಡೋದಾ?

ಇಷ್ಟು ಕೇಳಿದರೆ ಆಡಳಿತದವರಿಗೆ ತಲೆ ಕೆಟ್ಟಿತ್ತು ಅನಿಸುತ್ತದೆ. ಆದರೆ ಅವರ ಲೆಕ್ಕವೇ ಬೇರೆ ಇತ್ತು. ಗ್ರೇವ್‌ಮನ್ ಒಪ್ಪಂದ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಬದಲಿಗೆ ಬಂದ ಏಬ್ರಹಾಂ ಟೋರೊ ಇನ್ನೂ ಹಲವು ವರ್ಷ ಕಡಿಮೆ ಸಂಬಳಕ್ಕೆ ತಂಡದಲ್ಲೇ ಇರಬೇಕಾದ ಹುಡುಗ. ಎರಡು ತಿಂಗಳು ಕೊಟ್ಟು ವರ್ಷಗಟ್ಟಲೆ ತಗೊಂಡೆವು ಅನ್ನೋದು ಅವರ ವಾದ. ತಮಾಷೆ ಏನಂದರೆ, ಆಗಸ್ಟ್ 31ರಂದು ಇದೇ ಟೋರೊ, ಇದೇ ಗ್ರೇವ್‌ಮನ್ ಎಸೆತಕ್ಕೆ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದು ಸಿಯಾಟಲ್‌ಗೆ 4-0 ಗೆಲುವು ತಂದುಕೊಟ್ಟರು. ಆದರೂ ಸೀಸನ್ ಮುಗಿದಾಗ ತಂಡ 90 ಪಂದ್ಯ ಗೆದ್ದು, ಎರಡು ಪಂದ್ಯದ ಅಂತರದಲ್ಲಿ ಪ್ಲೇಆಫ್ ತಪ್ಪಿಸಿಕೊಂಡಿತ್ತು. ಹಾಗಾದರೆ ಯಾರು ಸರಿ?

ಸಿಯಾಟಲ್ ಪಕ್ಕದ ರೆಡ್‌ಮಂಡ್, ಬೆಲ್‌ವ್ಯೂ ಕಡೆ ಕೆಲಸಕ್ಕೆ ಹೋಗಿರುವ ನಮ್ಮವರು ಈ ಜಗಳವನ್ನು ಆಫೀಸಿನಲ್ಲಿ ಕೇಳಿಯೇ ಇರುತ್ತಾರೆ. ಬೇಸ್‌ಬಾಲ್ ನೋಡದವರಿಗೆ ಮಾತ್ರ ಇದು ತಲೆಬುಡ ಅರ್ಥವಾಗುವುದಿಲ್ಲ. ಹಾಗಾಗಿ ಸ್ವಲ್ಪ ಬುಡದಿಂದಲೇ ಶುರು ಮಾಡೋಣ.

ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳು, ಒಂದೊಂದು ತಂಡಕ್ಕೆ 162 ಪಂದ್ಯ. ಮಾರ್ಚ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಆಟ. ಐಪಿಎಲ್‌ನಲ್ಲಿ ಹರಾಜು ಮುಗಿದು ಟೂರ್ನಿ ಶುರುವಾದ ಮೇಲೆ ತಂಡ ಬಹುಪಾಲು ಹಾಗೇ ಇರುತ್ತದೆ ಅಲ್ವಾ? ಇಲ್ಲಿ ಹಾಗಲ್ಲ. ಸೀಸನ್ ನಡೆಯುತ್ತಿರುವಾಗಲೇ ಆಟಗಾರರನ್ನು ಕೊಟ್ಟು ತೆಗೆದುಕೊಳ್ಳಬಹುದು. ಅದಕ್ಕೊಂದು ಕೊನೆಯ ದಿನ ಇದೆ, ಸಾಮಾನ್ಯವಾಗಿ ಜುಲೈ 31ರ ಆಸುಪಾಸು. ಅದೇ ಟ್ರೇಡ್ ಡೆಡ್‌ಲೈನ್. ಮೊದಲೆಲ್ಲ ಆಗಸ್ಟ್‌ನಲ್ಲೂ ಒಂದು ಹಿಂಬಾಗಿಲು ತೆರೆದಿರುತ್ತಿತ್ತು, 2019ರಿಂದ ಅದನ್ನೂ ಮುಚ್ಚಿದರು.

ಆ ಹೊತ್ತಿಗೆ ಸುಮಾರು 50-55 ಪಂದ್ಯ ಬಾಕಿ ಇರುತ್ತದೆ. ಸೋತು ಸುಣ್ಣವಾದ ತಂಡಗಳು ಒಳ್ಳೆಯ ಆಟಗಾರರನ್ನು ಮಾರಾಟಕ್ಕಿಡುತ್ತವೆ, ರೇಸಿನಲ್ಲಿರುವ ತಂಡಗಳು ಕೊಳ್ಳುತ್ತವೆ. ಆದರೆ ಇಲ್ಲಿ ಬೆಲೆ ಬರೀ ದುಡ್ಡಲ್ಲ. ಬೆಲೆ ಅಂದರೆ ಹುಡುಗರು. ಪ್ರತಿ ತಂಡದ ಕೆಳಗೆ ನಾಲ್ಕೈದು ಹಂತದ ಕಿರಿಯರ ತಂಡಗಳಿರುತ್ತವೆ. ಅಲ್ಲಿ ಬೆಳೆಯುತ್ತಿರುವ 18-22 ವಯಸ್ಸಿನವರನ್ನು ಪ್ರಾಸ್ಪೆಕ್ಟ್ ಅನ್ನುತ್ತಾರೆ. ಈ ವರ್ಷದ ಸ್ಟಾರ್ ಬೇಕು ಅಂದರೆ ನಾಲ್ಕು ವರ್ಷದ ನಂತರ ಸ್ಟಾರ್ ಆಗಬಹುದಾದವರನ್ನು ಕೊಡಬೇಕು.

ಆ ಹುಡುಗರಿಗೆ ಇಷ್ಟು ಬೆಲೆ ಬರುವುದು ಸಂಬಳದ ನಿಯಮದಿಂದ. ಮೇಜರ್ ಲೀಗ್‌ಗೆ ಬಂದ ಆಟಗಾರ ಆರು ವರ್ಷದ ಸೇವೆ ಮುಗಿಸುವವರೆಗೆ ತನಗೆ ಬೇಕಾದ ತಂಡಕ್ಕೆ ಹೋಗುವ ಹಾಗಿಲ್ಲ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ, 2025ರಲ್ಲಿ ಅದು 7,60,000 ಡಾಲರ್. ನಮಗದು ದೊಡ್ಡ ಮೊತ್ತವೇ. ಆದರೆ ಅದೇ ಆಟ ಆಡುವ ಹಿರಿಯ ಸ್ಟಾರ್‌ಗೆ ವರ್ಷಕ್ಕೆ 2-3 ಕೋಟಿ ಡಾಲರ್ ಸುರಿಯಬೇಕು. ಹಾಗಾಗಿ ಒಬ್ಬ ಒಳ್ಳೆಯ ಪ್ರಾಸ್ಪೆಕ್ಟ್ ಕೈಯಲ್ಲಿದ್ದರೆ ಆರು ವರ್ಷದ ಅಗ್ಗದ ಆಟ ಕೈಯಲ್ಲಿದ್ದಂತೆ. ಅವನನ್ನು ಕೊಟ್ಟು, ಒಪ್ಪಂದ ಅಕ್ಟೋಬರ್‌ಗೆ ಮುಗಿಯುವ ಆಟಗಾರನನ್ನು ತರುವುದು ಅಂದರೆ ಬಿತ್ತನೆ ಭತ್ತವನ್ನು ಕುಟ್ಟಿ ಹಬ್ಬದ ಊಟ ಮಾಡಿದ ಹಾಗೆ. ಹೀಗೆ ಎರಡು ತಿಂಗಳಿಗೆ ಬರುವವರನ್ನು ಅಲ್ಲಿ ರೆಂಟಲ್ ಅಂತಲೇ ಕರೆಯುತ್ತಾರೆ, ಬಾಡಿಗೆ ಗಿರಾಕಿಗಳು.

ಸಿಯಾಟಲ್‌ಗೆ ಈ ವಿಷಯದಲ್ಲಿ ಹಳೆಯ ಗಾಯ ಒಂದಿದೆ. 1997ರ ಜುಲೈ 31. ಕೆನ್ ಗ್ರಿಫಿ ಜೂನಿಯರ್, ರ್‍ಯಾಂಡಿ ಜಾನ್ಸನ್, ಅಲೆಕ್ಸ್ ರಾಡ್ರಿಗಸ್ ಎಲ್ಲ ಇದ್ದ ತಂಡ, ಆದರೆ ಕೊನೆಯ ಇನ್ನಿಂಗ್ಸ್‌ಗಳ ಬೌಲಿಂಗ್ ಹದಗೆಟ್ಟಿತ್ತು. ಗಾಬರಿಗೆ ಬಿದ್ದ ಆಡಳಿತ ಬಾಸ್ಟನ್‌ನಿಂದ ಹೀತ್‌ಕ್ಲಿಫ್ ಸ್ಲೋಕಮ್ ಎಂಬ ಬೌಲರ್‌ನನ್ನು ತಂದಿತು. ಬದಲಿಗೆ ಇಬ್ಬರು ಹುಡುಗರನ್ನು ಕೊಟ್ಟಿತು: ಜೇಸನ್ ವ್ಯಾರಿಟೆಕ್ ಮತ್ತು ಡೆರೆಕ್ ಲೋ. ಸ್ಲೋಕಮ್ ಹೆಸರು ಇವತ್ತು ಯಾರಾದರೂ ತೆಗೆದರೆ ಅದು ಈ ಟ್ರೇಡ್ ಬಗ್ಗೆ ಮಾತಾಡಲಿಕ್ಕೆ ಮಾತ್ರ. ವ್ಯಾರಿಟೆಕ್ ಬಾಸ್ಟನ್ ತಂಡದ ಕ್ಯಾಪ್ಟನ್ ಆದರು. 2004ರಲ್ಲಿ ಬಾಸ್ಟನ್ 86 ವರ್ಷದ ಪ್ರಶಸ್ತಿಯ ಬರ ನೀಗಿಸಿಕೊಂಡಾಗ, ಆ ಪ್ಲೇಆಫ್‌ನ ಮೂರೂ ಸರಣಿಗಳ ಕೊನೆಯ ಪಂದ್ಯದಲ್ಲಿ ಗೆಲುವು ಬರೆದುಕೊಂಡ ಬೌಲರ್ ಡೆರೆಕ್ ಲೋ. 2006ರಲ್ಲೂ ಇದೇ ಪಾಡು. ಕ್ಲೀವ್‌ಲ್ಯಾಂಡ್‌ನಿಂದ ಇಬ್ಬರು ಸಾಧಾರಣ ಬ್ಯಾಟರ್‌ಗಳನ್ನು ತರಲು ಆಸ್ಡ್ರುಬಲ್ ಕಬ್ರೇರಾ ಮತ್ತು ಶಿನ್-ಸೂ ಚೂ ಅವರನ್ನು ಕೊಟ್ಟರು, ಇಬ್ಬರೂ ಅಲ್ಲಿ ವರ್ಷಗಟ್ಟಲೆ ಮಿಂಚಿದರು. ಒಮ್ಮೆ ಹೀಗೆ ಕೈ ಸುಟ್ಟುಕೊಂಡ ಸಂಸ್ಥೆಯಲ್ಲಿ ಕೂತವರು ಜುಲೈನಲ್ಲಿ ಹೆದರಿ ಹೆಜ್ಜೆ ಇಡುತ್ತಾರೆ ಅಂದರೆ ನನಗೇನೂ ಆಶ್ಚರ್ಯವಿಲ್ಲ.

2015ರ ಸೆಪ್ಟೆಂಬರ್‌ನಲ್ಲಿ, ಆಟಗಾರರ ಕೊಡು-ತಗೊ ನೋಡಿಕೊಳ್ಳುವ ಜನರಲ್ ಮ್ಯಾನೇಜರ್ ಆಗಿ ಜೆರ್ರಿ ಡಿಪೋಟೊ ಬಂದರು. ವಿಚಿತ್ರ ಏನಂದರೆ ಇವರು ಟ್ರೇಡ್ ಮಾಡುವುದರಲ್ಲಿ ಲೀಗ್‌ಗೇ ಹೆಸರುವಾಸಿ. ವರ್ಷವಿಡೀ ಕೊಡು-ತಗೊ ನಡೆದೇ ಇರುತ್ತದೆ. ಆದರೆ ಎಲ್ಲ ಸಣ್ಣ ಪುಟ್ಟದ್ದೇ ಜಾಸ್ತಿ. 2018ರ ಸೀಸನ್ ಮುಗಿದ ಮೇಲೆ ತಂಡವನ್ನು ಬಿಚ್ಚಿ ಮತ್ತೆ ಕಟ್ಟುತ್ತೇವೆ, ಸ್ವಲ್ಪ ತಾಳ್ಮೆ ಇರಲಿ ಅಂದರು. ಕಟ್ಟಿದ್ದೂ ನಿಜ. ಹುಲಿಯೋ ರಾಡ್ರಿಗಸ್, ಕ್ಯಾಲ್ ರಾಲೀ, ಲೋಗನ್ ಗಿಲ್ಬರ್ಟ್, ಜಾರ್ಜ್ ಕರ್ಬಿ, ಬ್ರಯಾನ್ ವೂ ಎಲ್ಲರೂ ತಮ್ಮ ಗರಡಿಯಲ್ಲೇ ಬೆಳೆಸಿ ತಂದವರು. 2022ರಲ್ಲಿ ಒಮ್ಮೆ ಮುಷ್ಟಿ ಬಿಚ್ಚಿದರು, ಸಿನ್ಸಿನಾಟಿಯಿಂದ ಲೂಯಿಸ್ ಕಾಸ್ಟಿಯೊ ಅವರನ್ನು ತರಲು ನಾಲ್ವರು ಹುಡುಗರನ್ನು ಕೊಟ್ಟರು. ಅದೇ ಸೆಪ್ಟೆಂಬರ್ 30ರಂದು ರಾಲೀ ಹೊಡೆದ ಹೋಮ್ ರನ್‌ನಿಂದ (ನಮ್ಮ ಸಿಕ್ಸರ್ ಥರದ ಹೊಡೆತ) ತಂಡ 2001ರ ನಂತರ ಮೊದಲ ಬಾರಿಗೆ ಪ್ಲೇಆಫ್ ಸೇರಿತು. ಆದರೂ ಗಮನಿಸಿ, ಕಾಸ್ಟಿಯೊ ರೆಂಟಲ್ ಅಲ್ಲ. ಮುಂದಿನ ವರ್ಷವೂ ಅವರು ತಂಡದಲ್ಲಿ ಇರುವವರೇ ಆಗಿದ್ದರು.

ಈಗ 2023ಕ್ಕೆ ಬರೋಣ, ಸಿಟ್ಟು ಕುದಿದ ವರ್ಷ ಅದೇ.

ಜುಲೈ ಕೊನೆಯ ವಾರ. ಒಂದೇ ಡಿವಿಷನ್‌ನಲ್ಲಿರುವ ಎದುರಾಳಿಗಳು ಏನು ಮಾಡುತ್ತಿದ್ದರು ನೋಡಿ. ಟೆಕ್ಸಸ್ ರೇಂಜರ್ಸ್ ಮ್ಯಾಕ್ಸ್ ಶರ್ಜರ್ ಮತ್ತು ಜೋರ್ಡನ್ ಮಾಂಟ್‌ಗೊಮರಿ ಅವರನ್ನು ತಂದಿತು. ಹ್ಯೂಸ್ಟನ್ ತನ್ನ ಹಳೆಯ ಹುಲಿ ಜಸ್ಟಿನ್ ವರ್ಲ್ಯಾಂಡರ್ ಅವರನ್ನು ವಾಪಸ್ ಕರೆತಂದಿತು. ಏಂಜಲ್ಸ್ ಕೂಡ ಲೂಕಸ್ ಜೊಲಿಟೊ ಅವರನ್ನು ಕೊಂಡಿತು. ಸಿಯಾಟಲ್? ತನ್ನ ಕ್ಲೋಸರ್ ಪಾಲ್ ಸೀವಾಲ್ಡ್ ಅವರನ್ನು, ಅದುವರೆಗೆ 21 ಪಂದ್ಯ ಉಳಿಸಿಕೊಟ್ಟಿದ್ದವರನ್ನು, ಅರಿಜೋನಾಗೆ ಕೊಟ್ಟು ಡೊಮಿನಿಕ್ ಕ್ಯಾನ್ಜೋನ್, ಜಾಶ್ ರೋಹಾಸ್, ರಯಾನ್ ಬ್ಲಿಸ್ ಎಂಬ ಮೂವರನ್ನು ತಗೊಂಡಿತು. ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ. ಅತ್ತ ದರಿ ಇತ್ತ ಪುಲಿ ಅಂತ ಮಧ್ಯದಲ್ಲೇ ನಿಂತರು.

ಮುಂದೆ ಆದದ್ದು ಎರಡೂ ಕಡೆಯವರ ವಾದಕ್ಕೂ ಸರಕು. ಡೆಡ್‌ಲೈನ್ ಮುಗಿದು ಎರಡೇ ದಿನಕ್ಕೆ, ಆಗಸ್ಟ್ 3ರಂದು, ಏಂಜಲ್ಸ್ ಎದುರು ಕೊನೆಯ ಇನ್ನಿಂಗ್ಸ್‌ನಲ್ಲಿ ಕೇಡ್ ಮಾರ್ಲೊ ಎಂಬ ಹೊಸ ಹುಡುಗ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದರು. ನಾಲ್ಕು ಪಂದ್ಯಗಳ ಆ ಸರಣಿಯನ್ನು ಸಿಯಾಟಲ್ ಪೂರ್ತಿ ಬಾಚಿಕೊಂಡಿತು. ಎಲ್ಲವನ್ನೂ ಪಣಕ್ಕಿಟ್ಟಿದ್ದ ಏಂಜಲ್ಸ್ ಅಲ್ಲಿಂದ ಮೇಲೇಳಲೇ ಇಲ್ಲ. ಒಂದು ತಿಂಗಳು ಕಳೆಯುವ ಮೊದಲೇ ಜೊಲಿಟೊ ಸಮೇತ ಹಲವರನ್ನು ಬೇರೆ ತಂಡಗಳು ಸುಮ್ನೆ ಎತ್ತಿಕೊಳ್ಳಲಿ ಅಂತ ವೇವರ್ಸ್ ಪಟ್ಟಿಗೆ ಹಾಕಿತು. ಕೊನೆಗೆ 73 ಗೆಲುವು, 89 ಸೋಲು. ಡಿಸೆಂಬರ್‌ನಲ್ಲಿ ಏಂಜಲ್ಸ್‌ನ ದೊಡ್ಡ ಸ್ಟಾರ್ ಶೋಹೆಯ್ ಓಟಾನಿ ಕೂಡ ಡಾಡ್ಜರ್ಸ್‌ಗೆ ಹೊರಟುಹೋದರು. ಸಿಯಾಟಲ್ ಮಾತ್ರ ಆಗಸ್ಟ್‌ನಲ್ಲಿ 21 ಗೆದ್ದು ಬರೀ 6 ಸೋತಿತ್ತು, ತಿಂಗಳ ಕೊನೆಗೆ ಡಿವಿಷನ್‌ನಲ್ಲಿ ಮೊದಲ ಸ್ಥಾನಕ್ಕೂ ಏರಿತ್ತು. ಡಿಪೋಟೊ ಗೆದ್ದರು ಅಂತಲೇ ಅನಿಸಿತ್ತು.

ಆಮೇಲೆ ಸೆಪ್ಟೆಂಬರ್ ಬಂತು. ತಂಡ ಮುಗ್ಗರಿಸಿತು. ಸೀಸನ್ ಮುಗಿದಾಗ ಹ್ಯೂಸ್ಟನ್ 90, ಟೆಕ್ಸಸ್ 90, ಕೊನೆಯ ವೈಲ್ಡ್ ಕಾರ್ಡ್ (ಡಿವಿಷನ್ ಗೆಲ್ಲದವರಿಗೆ ಸಿಗುವ ಪ್ಲೇಆಫ್ ಸ್ಥಾನ) ಹಿಡಿದ ಟೊರಾಂಟೊ 89, ಸಿಯಾಟಲ್ 88. ಮನೆಗೆ ಹೋದದ್ದು ಸಿಯಾಟಲ್. ಅಷ್ಟಕ್ಕೇ ಮುಗಿದಿದ್ದರೆ ಸರಿ. ಆ ವರ್ಷದ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಕಟ್ಟಕಡೆಯ ಫೈನಲ್ ಸರಣಿ, ಯಾರ ನಡುವೆ ನಡೆಯಿತು ಗೊತ್ತಾ? ಶರ್ಜರ್, ಮಾಂಟ್‌ಗೊಮರಿ ಇಬ್ಬರನ್ನೂ ಕೊಂಡ ಟೆಕ್ಸಸ್, ಮತ್ತು ಸೀವಾಲ್ಡ್ ಅವರನ್ನು ಕೊಂಡ ಅರಿಜೋನಾ. ಅರಿಜೋನಾ ಗೆದ್ದಿದ್ದು 84 ಪಂದ್ಯ, ಸಿಯಾಟಲ್‌ಗಿಂತ ನಾಲ್ಕು ಕಡಿಮೆ!

ತಂಡ ಹೊರಬಿದ್ದ ರಾತ್ರಿ ಕ್ಯಾಲ್ ರಾಲೀ ಬಾಯಿಬಿಟ್ಟು ಹೇಳಿಯೇಬಿಟ್ಟರು: ಬೇರೆ ತಂಡಗಳು ದೊಡ್ಡ ಆಟಗಾರರನ್ನು ತರುತ್ತಿವೆ, ನಾವೂ ಗೆಲ್ಲಬೇಕು ಅನ್ನುವ ಮನಸ್ಸು ಮಾಡಬೇಕು ಅನ್ನುವ ಅರ್ಥದಲ್ಲಿ. ಆಮೇಲೆ ಕ್ಷಮೆಯನ್ನೂ ಕೇಳಿದರು. ನನ್ನನ್ನು ಕೇಳಿದರೆ ಅವರು ಕ್ಷಮೆ ಕೇಳುವ ಅಗತ್ಯವೇ ಇರಲಿಲ್ಲ.

ಎರಡು ಮೂರು ದಿನ ಬಿಟ್ಟು ಡಿಪೋಟೊ ಪತ್ರಕರ್ತರ ಮುಂದೆ ಕೂತರು. ಅಲ್ಲಿ ಬಂತು 54ರ ಲೆಕ್ಕ. ಹತ್ತು ವರ್ಷ ಒಟ್ಟಾರೆ 54 ಶೇಕಡಾ ಪಂದ್ಯ ಗೆಲ್ಲುತ್ತಾ ಹೋದರೆ ಯಾವಾಗಲೋ ಒಮ್ಮೆ ವರ್ಲ್ಡ್ ಸೀರೀಸ್‌ಗೆ ಹೋಗೇ ಹೋಗುತ್ತೇವೆ ಅನ್ನುವುದು ಅದರ ಸಾರ. ಅಷ್ಟರಲ್ಲೇ ನಿಲ್ಲಿಸಬಹುದಿತ್ತು. ತಾಳ್ಮೆ ಕೇಳುವ ಮೂಲಕ ಅಭಿಮಾನಿಗಳಿಗೆ ನಾವು ಉಪಕಾರವನ್ನೇ ಮಾಡುತ್ತಿದ್ದೇವೆ ಅನ್ನುವ ಧಾಟಿಯ ಮಾತನ್ನೂ ಸೇರಿಸಿದರು. ಊರಿಗೆ ಊರೇ ಉರಿದುಬಿತ್ತು, ಅವರೂ ಕ್ಷಮೆ ಕೇಳಬೇಕಾಯಿತು. 54 ಅನ್ನುವ ಅಂಕಿ ಸಿಯಾಟಲ್‌ನಲ್ಲಿ ಅವತ್ತಿನಿಂದ ಗೇಲಿಯ ಮಾತಾಯಿತು.

ಆ ಲೆಕ್ಕವನ್ನೇ ಒಮ್ಮೆ ಹಾಕಿ ನೋಡಿ. 162ರಲ್ಲಿ 54 ಶೇಕಡಾ ಅಂದರೆ 87 ಪಂದ್ಯ ಮತ್ತು ಚೂರು. 2023ರಲ್ಲಿ ತಂಡ ಗೆದ್ದಿದ್ದು 88, ಅಂದರೆ 54.3 ಶೇಕಡಾ. ಗುರಿ ಮುಟ್ಟಿದರು, ಪ್ಲೇಆಫ್ ತಪ್ಪಿಸಿಕೊಂಡರು. 2021ರಿಂದ 2025ರವರೆಗೆ ಗೆಲುವುಗಳು ಕ್ರಮವಾಗಿ 90, 90, 88, 85, 90. ಒಟ್ಟು 443, ಅಂದರೆ 54.7 ಶೇಕಡಾ. ಡಿಪೋಟೊ ಹೇಳಿದ್ದನ್ನು ಅಕ್ಷರಶಃ ಮಾಡಿ ತೋರಿಸಿದ್ದಾರೆ. ಐದು ವರ್ಷದಲ್ಲಿ ಪ್ಲೇಆಫ್ ಸಿಕ್ಕಿದ್ದು ಎರಡು ಸಲ.

ಮೊದಲ ನಾಲ್ಕು ವರ್ಷಗಳಲ್ಲಿ ತಪ್ಪಿಸಿಕೊಂಡ ಮೂರು ಸಲದ ಅಂತರ ನೋಡಿ: 2021ರಲ್ಲಿ ಎರಡು ಪಂದ್ಯ, 2023ರಲ್ಲಿ ಒಂದು, 2024ರಲ್ಲಿ ಒಂದು. ಈಗ ಒಬ್ಬ ಸ್ಟಾರ್ ಏನು ಮಾಡಬಲ್ಲ ಅನ್ನುವ ಲೆಕ್ಕ. ಪೂರ್ತಿ ಸೀಸನ್ ಆಡಿದರೆ ತಂಡಕ್ಕೆ ಐದು ಗೆಲುವು ಜಾಸ್ತಿ ತರಬಲ್ಲ ಆಟಗಾರ ಅಂದರೆ ತುಂಬಾ ದೊಡ್ಡ ಆಟಗಾರ. ಡೆಡ್‌ಲೈನ್ ನಂತರ ಉಳಿಯುವುದು ಮೂರನೇ ಒಂದು ಭಾಗ. ಹಾಗಾಗಿ ಅವನಿಂದ ಸಿಗುವುದು ಹೆಚ್ಚುಕಡಿಮೆ ಒಂದೂಮುಕ್ಕಾಲು ಗೆಲುವು ಅಷ್ಟೇ. ಆಡಳಿತದವರು ಇದನ್ನೇ ತೋರಿಸಿ, ಒಂದೂಮುಕ್ಕಾಲು ಗೆಲುವಿಗೆ ಆರು ವರ್ಷ ಅಗ್ಗಕ್ಕೆ ಆಡುವ ಹುಡುಗನನ್ನು ಕೊಡಬೇಕಾ ಅಂತ ಕೇಳುತ್ತಾರೆ. ಅಭಿಮಾನಿಗಳು ಅದೇ ಅಂಕಿ ತೋರಿಸಿ, ನಮಗೆ ಬೇಕಾಗಿದ್ದದ್ದೂ ಅಷ್ಟೇ ಅಲ್ವಾ ಅನ್ನುತ್ತಾರೆ. ಎರಡು ಗೆಲುವು ಹೆಚ್ಚಿಗೆ ಇದ್ದಿದ್ದರೆ 2023, 2024 ಎರಡೂ ವರ್ಷ ಒಳಗೆ. 60 ಗೆಲ್ಲುವ ತಂಡಕ್ಕೂ 105 ಗೆಲ್ಲುವ ತಂಡಕ್ಕೂ ಆ ಎರಡು ಗೆಲುವಿನಿಂದ ಆಗಬೇಕಾದ್ದೇನಿಲ್ಲ. 88 ಗೆಲ್ಲುವ ತಂಡಕ್ಕೆ ಮಾತ್ರ ಅದೇ ಜೀವ. ಅಂದರೆ ಡೆಡ್‌ಲೈನ್‌ನಲ್ಲಿ ಖರ್ಚು ಮಾಡಲು ಎಲ್ಲರಿಗಿಂತ ಜಾಸ್ತಿ ಕಾರಣ ಇದ್ದ ತಂಡವೇ 2023ರಲ್ಲಿ ಕೈ ಕಟ್ಟಿಕೊಂಡು ಕೂತಿತ್ತು.

ಅವರು ಯಾಕೆ ಹಾಗೆ ಕೂರುತ್ತಾರೆ ಅನ್ನುವುದಕ್ಕೆ ನನ್ನದೊಂದು ವಿವರಣೆ ಇದೆ. ಜನರಲ್ ಮ್ಯಾನೇಜರ್ ಒಬ್ಬ ಹುಡುಗನನ್ನು ಕೊಟ್ಟು, ಆ ಹುಡುಗ ಮುಂದೆ ಮಿಂಚಿದರೆ, ಅದು ಅವರ ಹೆಸರಿಗೆ ಖಾಯಂ ಆಗಿ ಅಂಟಿಕೊಳ್ಳುತ್ತದೆ. ವ್ಯಾರಿಟೆಕ್, ಲೋ ಟ್ರೇಡ್ ಆಗಿ ಸುಮಾರು ಮೂವತ್ತು ವರ್ಷ ಆಯಿತು, ಜನ ಇನ್ನೂ ಬೈಯುತ್ತಿದ್ದಾರೆ. ಆದರೆ ಮಾಡದೇ ಬಿಟ್ಟ ಟ್ರೇಡ್‌ಗೆ ಹೆಸರಿಲ್ಲ, ಮುಖವಿಲ್ಲ. 2023ರಲ್ಲಿ ಯಾರನ್ನು ತಂದಿದ್ದರೆ ಆ ಎರಡು ಗೆಲುವು ಬರುತ್ತಿತ್ತು ಅಂತ ಯಾರೂ ಬೊಟ್ಟು ಮಾಡಿ ತೋರಿಸಲಾರರು. ಸೋಲಿನ ಹೊಣೆಯನ್ನು ಸೆಪ್ಟೆಂಬರ್‌ನಲ್ಲಿ ರನ್ ಹೊಡೆಯದ ಬ್ಯಾಟರ್‌ಗಳ ಮೇಲೆ ಹಾಕಬಹುದು, ಗಾಯದ ಮೇಲೆ ಹಾಕಬಹುದು, ಕೋಚ್ ಮೇಲೂ ಹಾಕಬಹುದು. ಹಾಕಿದರು ಕೂಡ. 2024ರಲ್ಲಿ ಜೂನ್‌ನಲ್ಲಿದ್ದ ಹತ್ತು ಪಂದ್ಯದ ಮುನ್ನಡೆ ಕರಗಿಹೋದ ಮೇಲೆ ಆಗಸ್ಟ್‌ನಲ್ಲಿ ಕೆಲಸ ಕಳೆದುಕೊಂಡವರು ನಮ್ಮ ಕೋಚ್ ಥರ ಮೈದಾನದಲ್ಲಿ ತಂಡ ನಡೆಸುವ ಮ್ಯಾನೇಜರ್ ಸ್ಕಾಟ್ ಸರ್ವಿಸ್, ಡಿಪೋಟೊ ಅಲ್ಲ. ಇಂಥ ಲೆಕ್ಕದ ಪುಸ್ತಕ ಇಟ್ಟುಕೊಂಡವರಿಗೆ ಸುಮ್ಮನಿರುವುದೇ ಕ್ಷೇಮ. ಅಭಿಮಾನಿಯ ಪುಸ್ತಕದಲ್ಲಿ ಮಾತ್ರ ಕಳೆದುಹೋದ ಸೀಸನ್ ಎದ್ದು ಕಾಣುತ್ತದೆ.

ದುಡ್ಡಿನ ವಿಷಯವೂ ಇದೆ. 2023ರ ಆ ಸೋಲಿನ ನಂತರ ನವೆಂಬರ್‌ನಲ್ಲಿ ಮಾಡಿದ್ದೇನು? ಜನರ ಅಚ್ಚುಮೆಚ್ಚಿನ ಯೂಹೆನಿಯೊ ಸುವಾರೆಸ್ ಅವರನ್ನೂ ಅರಿಜೋನಾಗೇ ಕಳಿಸಿದರು, ಮುಖ್ಯವಾಗಿ ಸಂಬಳದ ಹೊರೆ ಇಳಿಸಲಿಕ್ಕೆ. ಅದಕ್ಕೇ ಬಹಳಷ್ಟು ಅಭಿಮಾನಿಗಳ ಸಿಟ್ಟು ಡಿಪೋಟೊ ಮೇಲೆ ಇರುವುದಕ್ಕಿಂತ ಜಾನ್ ಸ್ಟ್ಯಾಂಟನ್ ನೇತೃತ್ವದ ಮಾಲೀಕರ ಮೇಲೆ ಜಾಸ್ತಿ. ಹುಡುಗರನ್ನು ಉಳಿಸಿಕೊಳ್ಳುತ್ತೇವೆ ಅನ್ನುವುದು ಬುದ್ಧಿವಂತಿಕೆ. ಹುಡುಗರನ್ನೂ ಕೊಡುವುದಿಲ್ಲ, ದುಡ್ಡನ್ನೂ ಬಿಚ್ಚುವುದಿಲ್ಲ ಅಂದರೆ ಅದಕ್ಕೆ ಬೇರೆ ಹೆಸರಿದೆ.

ಹಾಗಂತ ಡಿಪೋಟೊ ಕಲಿಯಲೇ ಇಲ್ಲ ಅನ್ನಲಾಗದು. 2025ರ ಜುಲೈನಲ್ಲಿ ಅರಿಜೋನಾ ಅಂಗಡಿ ಮುಚ್ಚಿ ಮಾರಾಟಕ್ಕಿಳಿದಾಗ ಸಿಯಾಟಲ್ ಮೊದಲು ಜಾಶ್ ನೇಲರ್ ಅವರನ್ನು ತಂದಿತು, ವಾರ ಕಳೆಯುವ ಹೊತ್ತಿಗೆ ಸುವಾರೆಸ್ ಅವರನ್ನೂ ವಾಪಸ್ ಕರೆತಂದಿತು. ಇಬ್ಬರೂ ರೆಂಟಲ್. ಇಬ್ಬರಿಗೂ ಸೇರಿ ಐವರನ್ನು ಕೊಟ್ಟರೂ ತಂಡದ ತುತ್ತತುದಿಯ ಹುಡುಗರು ಯಾರೂ ಅದರಲ್ಲಿರಲಿಲ್ಲ. ನೇಲರ್ ನೋಡಲು ದಪ್ಪ, ಓಟದಲ್ಲಿ ಲೀಗ್‌ನ ನಿಧಾನಿಗಳ ಪೈಕಿ. ಆದರೆ ಸಿಯಾಟಲ್‌ಗೆ ಬಂದ ಮೇಲೆ 19 ಸಲ ಬೇಸ್ ಕದಿಯಲು (ಚೆಂಡು ಎಸೆಯುವ ಹೊತ್ತಿಗೆ ಮುಂದಿನ ಬೇಸ್‌ಗೆ ಓಡಿ ಸೇರುವುದು) ಓಡಿದರು, 19 ಸಲವೂ ಗೆದ್ದರು. ಬೌಲರ್ ಕಾಲು ಎತ್ತುವ ಕ್ಷಣ ನೋಡಿಕೊಂಡು ಹೊರಟುಬಿಡುತ್ತಿದ್ದರು, ಬರೀ ತಲೆ ಓಡಿಸಿ ಕದ್ದ ಬೇಸ್‌ಗಳು. ರಾಲೀ ಆ ಸೀಸನ್‌ನಲ್ಲಿ 60 ಹೋಮ್ ರನ್ ಹೊಡೆದರು. 2001ರ ನಂತರ ಮೊದಲ ಡಿವಿಷನ್ ಪ್ರಶಸ್ತಿ ಬಂತು. ವರ್ಲ್ಡ್ ಸೀರೀಸ್‌ಗೆ ಹಿಂದಿನ ಹಂತವಾದ ಅಮೆರಿಕನ್ ಲೀಗ್ ಫೈನಲ್‌ನಲ್ಲಿ, ಟೊರಾಂಟೊ ಎದುರಿನ ಐದನೇ ಪಂದ್ಯದಲ್ಲಿ, ಎಂಟನೇ ಇನ್ನಿಂಗ್ಸ್‌ನಲ್ಲಿ, ಎರಡು ವರ್ಷದ ಹಿಂದೆ ಸಂಬಳ ಜಾಸ್ತಿ ಅಂತ ಸಾಗಹಾಕಿದ್ದ ಅದೇ ಸುವಾರೆಸ್ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದಾಗ ಸ್ಟೇಡಿಯಂ ಅದುರಿಹೋಯಿತು.

ಅಕ್ಟೋಬರ್ 20, ಟೊರಾಂಟೊದಲ್ಲಿ ಏಳನೇ ಪಂದ್ಯ. ಸಿಯಾಟಲ್ 3-1 ಮುಂದಿತ್ತು. ಇನ್ನು ಎಂಟು ಔಟ್ ತೆಗೆದಿದ್ದರೆ ತಂಡದ ಇತಿಹಾಸದಲ್ಲೇ ಮೊದಲ ವರ್ಲ್ಡ್ ಸೀರೀಸ್. 30 ತಂಡಗಳಲ್ಲಿ ಅಲ್ಲಿಗೆ ಒಮ್ಮೆಯೂ ಹೋಗದ ತಂಡ ಇದೊಂದೇ. ಏಳನೇ ಇನ್ನಿಂಗ್ಸ್‌ನಲ್ಲಿ ಎಡ್ವರ್ಡ್ ಬಜಾರ್ಡೊ ಎಸೆತಕ್ಕೆ ಜಾರ್ಜ್ ಸ್ಪ್ರಿಂಗರ್ ಮೂರು ರನ್‌ನ ಹೋಮ್ ರನ್ ಹೊಡೆದರು. 4-3ಕ್ಕೆ ಮುಗಿಯಿತು.

ಆ ಚಳಿಗಾಲ ನೇಲರ್ ಜೊತೆ ಐದು ವರ್ಷದ ಒಪ್ಪಂದ ಆಯಿತು, ಬಾಡಿಗೆಗೆ ಬಂದವರು ಮನೆಯವರೇ ಆದರು. ಸಿಯಾಟಲ್‌ನಲ್ಲಿ ಜಗಳ ಈಗಲೂ ನಡೆದಿದೆ. ಆದರೆ ಈ ಸಲ ಬೈಗುಳ ತಿಂದವರು ಮ್ಯಾನೇಜರ್ ಡ್ಯಾನ್ ವಿಲ್ಸನ್: ಅಂಥ ಹೊತ್ತಲ್ಲಿ ಬಜಾರ್ಡೊ ಯಾಕೆ, ಕ್ಲೋಸರ್ ಆಂದ್ರೆಸ್ ಮುನ್ಯೋಸ್ ಅವರನ್ನು ಯಾಕೆ ಇಳಿಸಲಿಲ್ಲ ಅಂತ. ಜುಲೈ ಬಗ್ಗೆ ಮಾತಾಡಿದವರು ಕಡಿಮೆ.